ಹಾಸ್ಟೆಲ್ ಬಚ್ಚಲಿಗೆ ಯಾವ ಒಲೆ? ಸೌದೆ, ಸೋಲಾರ್, ಗೀಸರ್, ಗ್ಯಾಸ್: ಒಂದು ಮಲೆನಾಡ ಲೆಕ್ಕ

"ನೂರು ಮಕ್ಕಳ ಹಾಸ್ಟೆಲ್ ಸರ್. ಸ್ನಾನದ ನೀರಿಗೆ ಕರೆಂಟ್ ಬಿಲ್ಲು ಕಟ್ಟಿ ಸುಸ್ತಾಗಿದೆ. ಸುತ್ತ ತೋಟ, ಗುಡ್ಡ. ಸೌದೆಗೇನು ಬರ ಇಲ್ಲ. ವಾಪಸ್ ಒಲೆಗೇ ಹೋಗಿಬಿಡೋಣವಾ?" ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಕೇಳಿದ್ದು ಇದು. ಸಾಗರ, ಹೊಸನಗರ, ಕೊಪ್ಪದ ಕಡೆಯವರೂ ಹೆಚ್ಚುಕಮ್ಮಿ ಇದನ್ನೇ ಕೇಳಿದ್ದಾರೆ. ಒಬ್ಬರ ಕೈಯಲ್ಲಿ ಸೋಲಾರ್‌ನವರ ಕೊಟೇಶನ್ ಇತ್ತು. ಇನ್ನೊಬ್ಬರಿಗೆ ಯಾರೋ ಗಾಳಿಯ ಶಾಖದಿಂದ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿ ಅಂದಿದ್ದರಂತೆ.

ಈ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ಕೆಲವು ವರ್ಷ ಒಂದು ಹಳ್ಳಿ ಹಾಸ್ಟೆಲ್‌ನ ಸಮಿತಿಯಲ್ಲಿದ್ದೆ, ಸೌದೆ ತರಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಮೊದಲ ವರ್ಷವೇ ಜೂನ್ ಎರಡನೇ ವಾರದಲ್ಲಿ ಎರಡು ಲೋಡ್ ಅಕೇಶಿಯಾ ಇಳಿಸಿಕೊಂಡೆ. "ಒಣಗಿದ್ದೇ ಸ್ವಾಮಿ" ಅಂದಿದ್ದ ವ್ಯಾಪಾರಿ. ಮಾರನೇ ದಿನ ಬೆಳಗಿನ ಜಾವ ನಾಲ್ಕೂವರೆಗೆ ಬಚ್ಚಲ ಕಡೆ ಹೋಗಿ ನೋಡಿದರೆ ಅಡುಗೆ ಅಕ್ಕ ಊದುಗೊಳವೆ ಹಿಡಿದು ಕೂತಿದ್ದರು. ಕಣ್ಣಲ್ಲಿ ನೀರು. ಕೊಳ್ಳಿಯ ಹಿಂದಿನ ತುದಿಯಲ್ಲಿ ನೊರೆ ನೊರೆಯಾಗಿ ನೀರು ಬರುತ್ತಿತ್ತು, ಚುಂಯ್ ಅಂತ ಶಬ್ದ. ಆರು ಗಂಟೆಗೂ ಹಂಡೆ ನೀರು ಉಗುರು ಬೆಚ್ಚಗೆ. ಮಕ್ಕಳು ಮುಖ ತೊಳೆದುಕೊಂಡು ಹೋದವು. ಆವತ್ತಿಂದ ನಾನು ಸೌದೆಯ ದರ ಕೇಳುವ ಮೊದಲು ಸೌದೆಯ ವಯಸ್ಸು ಕೇಳುತ್ತೇನೆ.

ಕೋಣೆ ಬಿಸಿ ಮಾಡೋದು ಬೇಕಾ?

ಕೆಲವರು ಇದನ್ನೂ ಕೇಳಿದ್ದಾರೆ. ಅಮೆರಿಕದ ವರ್ಮಾಂಟ್, ಮೊಂಟಾನಾದಂಥ ಹಿಮ ಬೀಳುವ ಕಡೆ ಹಳ್ಳಿ ಶಾಲೆಗಳು ಕೋಣೆ ಬಿಸಿ ಮಾಡಲು ಉರಿಸುವ ಎಣ್ಣೆಯ ಖರ್ಚು ತಾಳಲಾರದೆ ಮರದ ಚಕ್ಕೆ ಉರಿಸುವ ಬಾಯ್ಲರ್ ಹಾಕಿಕೊಂಡಿವೆ. ಅಲ್ಲಿ ವರ್ಷದ ಅರ್ಧ ಭಾಗ ಕೋಣೆ ಬಿಸಿ ಮಾಡಲೇಬೇಕು, ಹಾಗಾಗಿ ಅಷ್ಟು ದೊಡ್ಡ ಬಂಡವಾಳ ವಾಪಸ್ ಬರುತ್ತದೆ. ನಮ್ಮಲ್ಲಿ ಮಾಗಿ ಚಳಿ ಕಡಿಯುವುದು ಬೆಳಿಗ್ಗೆ ಒಂದೆರಡು ಗಂಟೆ. ಹತ್ತು ಗಂಟೆಗೆ ಬಿಸಿಲು ಬಂದರೆ ಮಕ್ಕಳು ಸ್ವೆಟರ್ ಬಿಚ್ಚುತ್ತವೆ. ಅದಕ್ಕೆ ಬಾಯ್ಲರ್ ಯಾಕೆ? ಬೆಳಿಗ್ಗೆ ಬಂದು ಸಂಜೆ ಹೋಗುವ ಶಾಲೆಯಾದರೆ ಈ ಲೇಖನ ನಿಮಗೆ ಜಾಸ್ತಿ ಬೇಕಾಗಿಲ್ಲ. ಮಳೆಗಾಲದಲ್ಲಿ 50 ಲೀಟರ್ ಕುಡಿಯುವ ನೀರು ಕುದಿಸಲು ಮುಕ್ಕಾಲು ಕೆಜಿ ಗ್ಯಾಸ್ ಸಾಕು. ಬಿಸಿಯೂಟದ ಒಲೆಯಲ್ಲೇ ಆಗುತ್ತದೆ.

ನಮ್ಮ ಕಡೆಯ ನಿಜವಾದ ತಲೆನೋವು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಸುಮಾರಿಗೆ ಮಳೆ. ಜುಲೈನಲ್ಲಿ ಒದ್ದೆಯಾದ ಯೂನಿಫಾರಂ ವಾರವಾದರೂ ಆರುವುದಿಲ್ಲ. ಹಾಸ್ಟೆಲ್ ಮಕ್ಕಳಿಗೆ ಬೇಕಿರುವುದು ಎರಡು: ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು, ಬಟ್ಟೆ ಒಣಗಲು ಒಂದು ಜಾಗ. ಒಂದೇ ಬೆಂಕಿಯಲ್ಲಿ ಎರಡೂ ಆಗುತ್ತದೆ ಅನ್ನುವುದು ಹಳೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಬಚ್ಚಲ ಒಲೆ ಮೇಲಿನ ತಂತಿಯಲ್ಲಿ ಬಟ್ಟೆ ಹರವುತ್ತಿರಲಿಲ್ಲವೇ? ಹೊಗೆ ವಾಸನೆ ಬರುತ್ತಿತ್ತು, ಅಷ್ಟೇ.

ಮೊದಲು ಅಳತೆ, ಆಮೇಲೆ ಆಯ್ಕೆ

ಯಾವುದನ್ನೇ ಆರಿಸುವ ಮೊದಲು ಐದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ದಿನಕ್ಕೆ ಎಷ್ಟು ಶಾಖ ಬೇಕು? ಯಾವ ತಿಂಗಳಲ್ಲಿ ಬೇಕು? ಕೂಲಿ, ಸಾಗಣೆ, ಸೀಳುವ ಖರ್ಚು ಸೇರಿ ದಿನಕ್ಕೆ ಎಷ್ಟು ಬೀಳುತ್ತದೆ? ಬೆಳಗಿನ ಜಾವ ಎದ್ದು ಅದನ್ನು ನೋಡಿಕೊಳ್ಳುವವರು ಯಾರು? ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ? ಕೊನೆಯ ಎರಡು ಪ್ರಶ್ನೆ ಕೊಟೇಶನ್‌ನಲ್ಲಿ ಇರುವುದಿಲ್ಲ. ಆದರೆ ಮೂರನೇ ವರ್ಷ ಯಂತ್ರ ಓಡುತ್ತಾ ಇದೆಯೋ, ಗುಜರಿಗೆ ಹೋಗಿದೆಯೋ ಅನ್ನುವುದು ಅವುಗಳ ಮೇಲೇ ನಿಂತಿದೆ.

ಶಾಖದ ಲೆಕ್ಕ ಸುಲಭ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋ ಕ್ಯಾಲರಿ ಬೇಕು. ಒಂದು ಮಗುವಿಗೆ 15 ಲೀಟರ್, ನೀರು 20 ಡಿಗ್ರಿಯಿಂದ 40ಕ್ಕೆ ಏರಬೇಕು ಅಂದರೆ 300 ಕಿಲೋ ಕ್ಯಾಲರಿ. ನೂರು ಮಕ್ಕಳಿಗೆ 30,000. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಎಲ್ಲಾ ಕಡೆ ಇದೇ ಬರುತ್ತದೆ.

ದರ ಊರಿಂದ ಊರಿಗೆ ಬೇರೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಸೀಳಿ ತಂದು ಹಾಕಿದ ಸೌದೆ ಕೆಜಿಗೆ 6 ರೂಪಾಯಿ, ಕರೆಂಟು ಯೂನಿಟ್‌ಗೆ 8, ಗ್ಯಾಸ್ ಕೆಜಿಗೆ 95. ನಿಮ್ಮೂರಿನ ದರ ಹಾಕಿ ನೀವು ಬದಲಾಯಿಸಿಕೊಳ್ಳಿ.

ಮೂರು ಕಲ್ಲಿನ ಒಲೆ ಅಗ್ಗವಾ?

ಒಣ ಸೌದೆಯ ಒಂದು ಕೆಜಿಯಲ್ಲಿ ಸುಮಾರು 3,800 ಕಿಲೋ ಕ್ಯಾಲರಿ ಇರುತ್ತದೆ. ಮೂರು ಕಡೆ ಗೋಡೆ ಕಟ್ಟಿ ಮೇಲೆ ಹಂಡೆ ಇಟ್ಟ ಸಾದಾ ಒಲೆಯಲ್ಲಿ ಅದರ 15 ಶೇಕಡಾ ನೀರಿಗೆ ಸೇರಿದರೆ ಹೆಚ್ಚು. ಉಳಿದದ್ದು ಹೊಗೆಯ ಜೊತೆ, ಗೋಡೆಯ ಜೊತೆ, ಗಾಳಿಯ ಜೊತೆ ಹೋಗುತ್ತದೆ. ನಮ್ಮ 30,000ಕ್ಕೆ ದಿನಕ್ಕೆ 53 ಕೆಜಿ ಸೌದೆ. 6 ರೂಪಾಯಿಯಂತೆ 318 ರೂಪಾಯಿ.

ಈಗ ಗೀಸರ್ ನೋಡಿ. ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋ ಕ್ಯಾಲರಿ, ಹೆಚ್ಚುಕಮ್ಮಿ ಎಲ್ಲವೂ ನೀರಿಗೇ ಹೋಗುತ್ತದೆ. 37 ಯೂನಿಟ್, 296 ರೂಪಾಯಿ.

ಅಂದರೆ ದುಡ್ಡು ಕೊಟ್ಟು ಸೌದೆ ತಂದು ಹಳೇ ಒಲೆಯಲ್ಲಿ ಉರಿಸಿದರೆ ಗೀಸರ್‌ಗಿಂತ ಜಾಸ್ತಿ ಖರ್ಚು! ಮೊದಲ ಸಲ ಈ ಲೆಕ್ಕ ಸಮಿತಿಯ ಮುಂದಿಟ್ಟಾಗ ಯಾರೂ ನಂಬಲಿಲ್ಲ. ನನಗೇ ನಂಬಿಕೆ ಬಂದಿರಲಿಲ್ಲ. ಹಸಿ ಸೌದೆಯಾದರಂತೂ ಕೇಳುವುದೇ ಬೇಡ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧ ನೀರೇ. ಆ ನೀರನ್ನು ಆವಿ ಮಾಡಲು ಬೆಂಕಿಯ ಶಕ್ತಿ ಹೋಗುತ್ತದೆ, ಒಲೆ ತಣ್ಣಗಾಗುತ್ತದೆ, ಹೊಗೆ ಏಳುತ್ತದೆ. ದಿನಕ್ಕೆ ನೂರು ಕೆಜಿ ದಾಟಿದರೂ ಆಶ್ಚರ್ಯವಿಲ್ಲ. ನನ್ನ ಆ ಎರಡು ಲೋಡ್ ಅಕೇಶಿಯಾ ಒಂದು ತಿಂಗಳೂ ಬರಲಿಲ್ಲ.

ನಿಮ್ಮ ಒಲೆ ಎಷ್ಟು ತಿನ್ನುತ್ತದೆ ಅಂತ ನೀವೇ ಪರೀಕ್ಷಿಸಿ. ತಕ್ಕಡಿ, ಥರ್ಮಾಮೀಟರ್ ಸಾಕು. ಹಂಡೆಗೆ 100 ಲೀಟರ್ ನೀರು ಅಳೆದು ಹಾಕಿ, ಸೌದೆ ತೂಗಿ ಇಟ್ಟುಕೊಳ್ಳಿ, ನೀರು ಇದ್ದ ಬಿಸಿಗಿಂತ 40 ಡಿಗ್ರಿ ಮೇಲೇರುವವರೆಗೆ (20 ಇದ್ದರೆ 60ಕ್ಕೆ) ಉರಿಸಿ. 7 ಕೆಜಿ ಒಣ ಸೌದೆ ಹೋಯಿತಾ? ನಿಮ್ಮ ಒಲೆ 15 ಶೇಕಡಾದ್ದು. 3 ಕೆಜಿಯಲ್ಲೇ ಆಯಿತಾ? 35ರದ್ದು, ಅದನ್ನು ಮುಟ್ಟಬೇಡಿ.

ಸುಧಾರಿಸಿದ ಒಲೆ

ನನ್ನ ಮನಸ್ಸು ವಾಲುವುದು ಈ ಕಡೆಗೆ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಹಳ್ಳಿ ಅಡುಗೆಮನೆಗಾಗಿ ಅಸ್ತ್ರ ಒಲೆ ಮಾಡಿತ್ತು, ಹಳಬರಿಗೆ ನೆನಪಿರಬಹುದು. ಅದರ ಗುಟ್ಟು ಮೂರೇ: ಸೌದೆಯ ಕೆಳಗೆ ಜಾಲರಿ, ಬೆಂಕಿಗೆ ಮುಚ್ಚಿದ ಗೂಡು, ಹೊಗೆಗೆ ಕೊಳವೆ. ಹಂಡೆ ಒಲೆಗೂ ಅದೇ ನಡೆಯುತ್ತದೆ. ಜಾಲರಿ ಇದ್ದರೆ ಗಾಳಿ ಕೆಳಗಿನಿಂದ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಹಂಡೆಯ ಸುತ್ತ ಎರಡು ಬೆರಳು ಜಾಗ ಬಿಟ್ಟು ಇಟ್ಟಿಗೆ ಕಟ್ಟಿದರೆ ಬಿಸಿ ಗಾಳಿ ಹಂಡೆಯ ಮೈಯನ್ನು ಸವರಿಕೊಂಡೇ ಕೊಳವೆಗೆ ಹೋಗಬೇಕು. ಅಡಿಕೆ ಬೇಯಿಸುವ ಒಲೆಯನ್ನು ಚೆನ್ನಾಗಿ ಕಟ್ಟುವ ಗಾರೆಯವರು ನಿಮ್ಮ ಊರಲ್ಲೇ ಇರುತ್ತಾರೆ. ಅವರಿಗೆ ಚಿತ್ರ ಬರೆದು ತೋರಿಸಿದರೆ ಸಾಕು. ರಿಪೇರಿಗೆ ಶಿವಮೊಗ್ಗದಿಂದ ಯಾರನ್ನೂ ಕಾಯಬೇಕಿಲ್ಲ.

ಇಂಥ ಒಲೆಯಲ್ಲಿ 35 ಶೇಕಡಾ ಸಿಕ್ಕರೆ ದಿನಕ್ಕೆ 22 ರಿಂದ 23 ಕೆಜಿ ಸೌದೆ, 135 ರೂಪಾಯಿ. ಹಳೆ ಒಲೆಗೆ ಹೋಲಿಸಿದರೆ ದಿನಕ್ಕೆ 180 ರೂಪಾಯಿ ಉಳಿತಾಯ. ಹಾಸ್ಟೆಲ್ ವರ್ಷಕ್ಕೆ 200 ದಿನ ನಡೆಯುತ್ತದೆ ಅಂದರೆ 36,000. ಇಟ್ಟಿಗೆ, ಜಾಲರಿ, ಕೊಳವೆ, ಕೂಲಿ ಎಲ್ಲಾ ಸೇರಿ ಅಷ್ಟೇ ಖರ್ಚಾದರೂ ಒಂದು ವರ್ಷದಲ್ಲಿ ವಾಪಸ್.

ತೊಂದರೆ ಇಲ್ಲ ಅಂತಲ್ಲ. ನಾವು ಮೊದಲು ಹಾಕಿಸಿದ ಕೊಳವೆ ತೆಳು ತಗಡಿನದು. ಎರಡೇ ಮಳೆಗಾಲಕ್ಕೆ ತುಕ್ಕು ತಿಂದು ಹೆಂಚಿನ ಕೆಳಗೇ ತೂತು ಬಿತ್ತು. ಅದೂ ಅಲ್ಲದೆ ಕುಳ್ಳಗಿತ್ತು. ಗಾಳಿ ಬೀಸಿದಾಗ ಹೊಗೆ ವಾಪಸ್ ಬಚ್ಚಲಿಗೇ ಬರುತ್ತಿತ್ತು. ಕೊಳವೆ ಮಾಡಿನ ನೆತ್ತಿಗಿಂತ ಮೂರು ಅಡಿ ಮೇಲಿರಲಿ, ದಪ್ಪ ತಗಡಿರಲಿ, ಮಳೆಟೋಪಿ ಇರಲಿ. ಒಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಕೆರೆದು ತೆಗೆಯಬೇಕು. ಬಿಟ್ಟರೆ ಆ ಮಸಿಗೇ ಬೆಂಕಿ ಹತ್ತುತ್ತದೆ.

ಈ ಕೊಳವೆಯನ್ನೇ ಪಕ್ಕದ ಕೋಣೆಯ ಮೂಲಕ ಹಾಯಿಸಿ ಬಟ್ಟೆ ಒಣಗಿಸಬಹುದು. ಬೆಂಕಿ ಗೋಡೆಯ ಆಚೆ, ಬಿಸಿ ಈಚೆ. ಕೊಳವೆಯ ಸುತ್ತ ಜಾಲರಿ ಬೇಲಿ, ಬಟ್ಟೆಯ ತಂತಿ ಮೂರಡಿ ದೂರ, ಗೋಡೆಯ ಮೇಲ್ಭಾಗದಲ್ಲಿ ಹವೆ ಹೋಗಲು ಕಿಂಡಿ. ಕಿಂಡಿ ಇಲ್ಲದಿದ್ದರೆ ಕೋಣೆ ಬಿಸಿಯಾಗುತ್ತದೆ, ಬಟ್ಟೆ ಮಾತ್ರ ಆರುವುದಿಲ್ಲ. ಅದರ ಬದಲು ಮಕ್ಕಳ ಕೋಣೆಯಲ್ಲಿ ಇದ್ದಿಲು ಅಗ್ಗಿಷ್ಟಿಕೆ ಇಡುವ ಯೋಚನೆ ಯಾರಾದರೂ ಮಾಡಿದರೆ ದಯವಿಟ್ಟು ತಡೆಯಿರಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ.

ಸೋಲಾರ್, ಆದರೆ ಯಾವ ತಿಂಗಳಿಗೆ?

ನೂರು ಮಕ್ಕಳಿಗೆ 60 ಡಿಗ್ರಿಯ ನೀರು 750 ಲೀಟರ್ ಸಾಕು, ಉಳಿದದ್ದು ತಣ್ಣೀರು ಬೆರೆಸುವುದು. ಸಾಮಾನ್ಯವಾಗಿ 100 ಲೀಟರ್‌ಗೆ 2 ಚದರ ಮೀಟರ್ ಫಲಕ ಬೇಕು. ಹಾಗಾದರೆ 15 ಚದರ ಮೀಟರ್, ನೆರಳಿಲ್ಲದ ತೆಂಕಣ ಮುಖದ ಜಾಗ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ ಇರುವ ಹಾಸ್ಟೆಲ್‌ನಲ್ಲಿ ಆ ಜಾಗ ಹುಡುಕುವುದೇ ಒಂದು ಕೆಲಸ.

ಬಂಡವಾಳ ಲಕ್ಷದ ಮೇಲೆ. ದಿನದ ಖರ್ಚು ಸೊನ್ನೆ. ಒಂದು ಸಮಾಧಾನ ಏನೆಂದರೆ ನಮ್ಮ ಚಳಿಗಾಲ ಬಿಸಿಲಿನ ಕಾಲವೂ ಹೌದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಸೋಲಾರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿಲು ಉರಿಯುವ ಏಪ್ರಿಲ್, ಮೇನಲ್ಲಿ ಮಕ್ಕಳು ಊರಿಗೆ ಹೋಗಿರುತ್ತಾರೆ, ಆ ಬಿಸಿನೀರು ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರ್? ಆರಿದ್ರಾ, ಪುನರ್ವಸು ಮಳೆಯಲ್ಲಿ ಸೂರ್ಯನ ಮುಖ ನೋಡದೆ ವಾರಗಳೇ ಹೋಗುತ್ತವೆ. ಶಾಲೆ ಶುರುವಾಗಿ ಮಕ್ಕಳಿಗೆ ಬಿಸಿನೀರು ತುಂಬಾ ಬೇಕಾದ ಹೊತ್ತಿನಲ್ಲೇ ಸೋಲಾರ್ ಕೈ ಕೊಡುತ್ತದೆ. ಹೀಗಾಗಿ ಸೋಲಾರ್ ಒಂದನ್ನೇ ನಂಬಿ ಕೂರುವ ಹಾಗಿಲ್ಲ. ಜೊತೆಗೊಂದು ಒಲೆ ಬೇಕೇ ಬೇಕು.

ಮಂಗಗಳ ವಿಷಯ ಮರೆತೆ. ಗಾಜಿನ ಕೊಳವೆಯ ಮಾದರಿಯನ್ನು ಮಂಗಗಳು ಹಾರಿ ಹಾರಿ ಒಡೆದ ಕಥೆ ಎಷ್ಟು ಬೇಕಾದರೂ ಸಿಗುತ್ತದೆ. ಕಾಡಂಚಿನ ಊರಾದರೆ ಗಟ್ಟಿ ಗಾಜಿನ ಚಪ್ಪಟೆ ಫಲಕ ತಗೊಳ್ಳಿ, ಮೇಲೊಂದು ಬಲೆ ಹಾಕಿಸಿ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಸಿಗುವ ಕಡೆ, ಗಡಸು ನೀರಿನಿಂದ ಕೊಳವೆಯಲ್ಲಿ ಸುಣ್ಣ ಕಟ್ಟುವ ಕಾಟವಂತೂ ಇಲ್ಲ.

ಗ್ಯಾಸ್, ಹೀಟ್ ಪಂಪ್, ಬ್ರಿಕೆಟ್

ಗ್ಯಾಸ್ ಕೆಜಿಗೆ 11,000 ಕಿಲೋ ಕ್ಯಾಲರಿ ಕೊಡುತ್ತದೆ. ದೊಡ್ಡ ಬರ್ನರ್‌ನಲ್ಲಿ 60 ಶೇಕಡಾ ಸಿಕ್ಕರೆ ದಿನಕ್ಕೆ ನಾಲ್ಕೂವರೆ ಕೆಜಿ, 430 ರೂಪಾಯಿ ಹತ್ತಿರ. 19 ಕೆಜಿಯ ಸಿಲಿಂಡರ್ ನಾಲ್ಕು ದಿನಕ್ಕೆ ಖಾಲಿ. ಅಡುಗೆಗೆ ಇರಲಿ, ಸ್ನಾನದ ನೀರಿಗೆ ದುಬಾರಿ.

ಹೀಟ್ ಪಂಪ್ ಲೆಕ್ಕದಲ್ಲಿ ಗೆಲ್ಲುತ್ತದೆ. ಗಾಳಿಯಲ್ಲಿರುವ ಶಾಖವನ್ನೇ ಹೀರಿ ನೀರಿಗೆ ಕೊಡುವುದರಿಂದ ಗೀಸರ್‌ನ ಮೂರನೇ ಒಂದು ಭಾಗ ಕರೆಂಟು ಸಾಕು. 12 ಯೂನಿಟ್, ನೂರು ರೂಪಾಯಿ. ಮಲೆನಾಡಿನ ಹದ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಕರೆಂಟು ಇದ್ದರೆ ತಾನೇ? ಜೋಗದ ವಿದ್ಯುದಾಗಾರ, ಲಿಂಗನಮಕ್ಕಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ ಗಾಳಿಮಳೆಗೆ ಮರ ತಂತಿ ಮೇಲೆ ಬಿದ್ದರೆ ಒಳಗಿನ ಊರಲ್ಲಿ ಎರಡು ದಿನ ಕತ್ತಲೆ ಹೊಸದೇನಲ್ಲ. ಪೇಟೆಗೆ ಹತ್ತಿರ ಇದ್ದು, ಕರೆಂಟು ನೆಟ್ಟಗಿದ್ದು, ಬೆಳಗಿನ ಜಾವ ಒಲೆ ಹಚ್ಚಲು ಯಾರೂ ಸಿಗದ ಹಾಸ್ಟೆಲ್‌ಗೆ ನಾನು ಇದನ್ನೇ ಹೇಳುತ್ತೇನೆ, ಕೈಯಲ್ಲಿ ಲಕ್ಷದ ಮೇಲೆ ದುಡ್ಡಿದ್ದರೆ.

ಮರದ ಹುಡಿ, ಹೊಟ್ಟು ಒತ್ತಿ ಮಾಡಿದ ಬ್ರಿಕೆಟ್ ಒಣಗಿರುತ್ತದೆ, ಚೆನ್ನಾಗಿ ಉರಿಯುತ್ತದೆ. ಮಳೆ ಹನಿ ಬಿದ್ದರೆ ಮಾತ್ರ ಉಬ್ಬಿ ಪುಡಿಯಾಗುತ್ತದೆ. ದೂರದಿಂದ ತರಿಸುವ ಸಾಗಣೆಯೂ ಸೇರಿತು. ಸೌದೆಯನ್ನು ಉರಿಯುವ ಅನಿಲ ಮಾಡಿ ಉರಿಸುವ ಗ್ಯಾಸಿಫೈಯರ್ ಬಗ್ಗೆಯೂ ಒಬ್ಬರು ಕೇಳಿದ್ದರು. ಒಂದೇ ಅಳತೆಯ ಒಣ ತುಂಡು, ತರಬೇತಾದ ಕೈ ಎರಡೂ ದಿನಾ ಬೇಕು. ನೂರು ಬಕೆಟ್ ನೀರಿಗೆ ಅಷ್ಟೆಲ್ಲಾ ಸುಮ್ನೆ.

ಸೌದೆ ಎಲ್ಲಿಂದ, ಎಲ್ಲಿ ಇಡುವುದು?

"ಕಾಡು ಪಕ್ಕದಲ್ಲೇ ಇದೆ" ಅನ್ನುವುದು ಉತ್ತರವಾಗುವುದಿಲ್ಲ. ಮೀಸಲು ಅರಣ್ಯದಿಂದ ಲೋಡ್‌ಗಟ್ಟಲೆ ತರುವಂತಿಲ್ಲ. ಮಕ್ಕಳನ್ನು ಸೌದೆ ಆರಿಸಲು ಕಳಿಸುವ ಮಾತಂತೂ ಬೇಡ. ಹಿಂದೊಮ್ಮೆ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಇದ್ದಿಲಾಗಿ ಎಷ್ಟೋ ಮರ ಹೋಗಿದೆ, ನಮ್ಮ ಬಚ್ಚಲಿಗೂ ಅದೇ ಕಾಡು ಬೇಕಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಮರ, ಕಾಫಿ ತೋಟದಲ್ಲಿ ಸವರಿದ ಸಿಲ್ವರ್ ಓಕ್, ಸಾಮಿಲ್‌ನ ಚಕ್ಕೆ, ರೈತರು ಬೆಳೆಸಿದ ಅಕೇಶಿಯಾ, ತೆಂಗಿನ ಕರಟ ಇವೆಲ್ಲಾ ಇವೆ. ಹೊಲಗೇರು ಸೇರಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಅದರ ಸೊನೆ ತಾಗಿದವರಿಗೆ ಗುಳ್ಳೆ ಎದ್ದದ್ದು ನಿಮಗೂ ಗೊತ್ತಿರುತ್ತದೆ.

ಅಡಿಕೆ ಸಿಪ್ಪೆಯ ಬಗ್ಗೆ ಒಂದು ಮಾತು. ಸುಗ್ಗಿಯಲ್ಲಿ ರಸ್ತೆ ಬದಿ ರಾಶಿ ಹಾಕಿ ಬೆಂಕಿ ಇಡುತ್ತಾರಲ್ಲ, ವಾರಗಟ್ಟಲೆ ಹೊಗೆಯಾಡುತ್ತದೆ. ಅದನ್ನೇ ಒಣಗಿಸಿ ಚೀಲ ತುಂಬಿಟ್ಟರೆ ಪುಕ್ಕಟೆ ಉರುವಲು. ಹಗುರ, ಬೇಗ ಉರಿದು ಹೋಗುತ್ತದೆ, ಪದೇ ಪದೇ ಹಾಕುತ್ತಿರಬೇಕು. ಸಿಪ್ಪೆಯಿಂದ ಬೆಂಕಿ ಹಿಡಿಸಿ ಸೌದೆಯಿಂದ ನಿಲ್ಲಿಸುವುದು ನಮಗೆ ಸರಿಹೋಯಿತು.

ಇಷ್ಟೆಲ್ಲಾ ಓದಿ ಒಂದೇ ಕೆಲಸಕ್ಕೆ ದುಡ್ಡಿದೆ ಅನ್ನುವವರು ಸೌದೆ ಕೊಟ್ಟಿಗೆ ಕಟ್ಟಿಸಿ. ಒಲೆಗಿಂತ ಮೊದಲು. ದಿನಕ್ಕೆ 22 ಕೆಜಿಯಂತೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 3 ಟನ್ ಬೇಕು. ಹತ್ತಡಿ ಉದ್ದ, ಐದಡಿ ಅಗಲ, ಆರಡಿ ಎತ್ತರದ ಜಾಗದಲ್ಲಿ ಅದು ಕೂರುತ್ತದೆ. ಮೇಲೆ ಮಾಡು, ಕೆಳಗೆ ಕಲ್ಲಿನ ಮೇಲೆ ಅಡ್ಡ ಕಂಬ, ಗಾಳಿಯಾಡಲು ಬದಿಗೆ ದಬ್ಬೆ. ಪ್ಲಾಸ್ಟಿಕ್ ಹೊದಿಸಿ ಸುತ್ತಲೂ ಮುಚ್ಚಿದರೆ ಒಳಗೇ ಬೆವರಿ ಬೂಸು ಬರುತ್ತದೆ.

ಯಾರಿಗೆ ಯಾವುದು?

ಮೂವತ್ತು ಮಕ್ಕಳ ಸಣ್ಣ ವಿದ್ಯಾರ್ಥಿನಿಲಯ, ಕೈಯಲ್ಲಿ ದುಡ್ಡಿಲ್ಲ: ಇರುವ ಹಂಡೆಗೇ ಜಾಲರಿ, ಕೊಳವೆ, ಸುತ್ತುಗೋಡೆ. ಬೇರೆ ಏನೂ ಬೇಡ. ಹಂಡೆಗೂ ಹೊರಗೋಡೆಗೂ ನಡುವೆ ಮೇಲ್ಭಾಗದಲ್ಲಿ ಭತ್ತದ ಹೊಟ್ಟು ತುಂಬಿ ಮುಚ್ಚಳ ಹಾಕಿದರೆ ರಾತ್ರಿ ಕಾಯಿಸಿದ್ದು ಬೆಳಿಗ್ಗೆಗೂ ಬಿಸಿ ಇರುತ್ತದೆ. ಬೆಂಕಿ, ಬಿಸಿ ಗಾಳಿ ಹಾಯುವ ಕಡೆಯಿಂದ ಹೊಟ್ಟನ್ನು ಒಂದು ಇಟ್ಟಿಗೆಯಷ್ಟಾದರೂ ದೂರ ಇಡಿ.

ನೂರರ ಸುಮಾರು ಮಕ್ಕಳಿದ್ದು ದಾನಿಗಳೋ ಹಳೆ ವಿದ್ಯಾರ್ಥಿಗಳೋ ಒಂದಿಷ್ಟು ಕೊಡುವಂತಿದ್ದರೆ ಸೋಲಾರ್ ಮತ್ತು ಒಲೆ ಎರಡೂ. ಎರಡರ ನೀರೂ ಒಂದೇ ಟ್ಯಾಂಕಿಗೆ ಬಂದು ಅಲ್ಲೇ ತಣ್ಣೀರು ಬೆರೆಯಲಿ. 60 ಡಿಗ್ರಿಯ ನೀರು ನೇರ ನಲ್ಲಿಗೆ ಬಂದರೆ ಸಣ್ಣ ಮಕ್ಕಳ ಚರ್ಮ ಸುಡುತ್ತದೆ. ಟ್ಯಾಂಕು ಸ್ನಾನದ ಮನೆಗೆ ಅಂಟಿಕೊಂಡೇ ಇರಲಿ. ನಲವತ್ತಡಿ ದೂರದ ಪೈಪಿನಲ್ಲಿ ಬಂದ ನೀರು ಅರ್ಧ ದಾರಿಯಲ್ಲೇ ತಣ್ಣಗಾಗುವುದನ್ನು ನಾವು ನೋಡಿದ್ದೇವೆ.

ಇನ್ನೂರೈವತ್ತು ಮಕ್ಕಳ ಮೇಲಾದರೆ ಹಂಡೆ ಬಿಟ್ಟು ಒಳಗೆ ಹೊಗೆ ಕೊಳವೆ ಹಾಯುವ ಸ್ಟೀಲಿನ ಸೌದೆ ಬಾಯ್ಲರ್ ನೋಡಬಹುದು. ಕೊಳ್ಳುವ ಮೊದಲು ಮೇಲೆ ಹೇಳಿದ ತಕ್ಕಡಿ ಪರೀಕ್ಷೆಯನ್ನು ಮಾರುವವರ ಎದುರಿಗೇ, ಅವರದೇ ಬಾಯ್ಲರ್‌ನಲ್ಲಿ ಮಾಡಿಸಿ. ಉಗಿ ಹೊರ ಹೋಗಲು ಮೇಲೆ ತೆರೆದ ಪೈಪು ಇಲ್ಲದ ಬಾಯ್ಲರ್ ಎಷ್ಟೇ ಅಗ್ಗವಾದರೂ ಶಾಲೆಗೆ ತರಬೇಡಿ.

ಒಲೆ ಹಾಕುವವರು ಒಂದು ಕ್ಯಾಲೆಂಡರ್ ಗೋಡೆಗೆ ಅಂಟಿಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಸೌದೆಗೆ ಹೇಳುವುದು. ಶಿವರಾತ್ರಿಯೊಳಗೆ ಕೈ ಮಣಿಕಟ್ಟಿನ ದಪ್ಪಕ್ಕೆ ಸೀಳಿಸುವುದು. ಬೇಸಿಗೆ ಪೂರ್ತಿ ಬಿಸಿಲಿಗೆ ಬಿಡುವುದು. ಮೃಗಶಿರಾ ಮಳೆಗೆ ಮೊದಲು ಕೊಟ್ಟಿಗೆಗೆ ಸೇರಿಸುವುದು. ಒಳಗೆ ಹಾಕುವಾಗ ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಳಗೆ ಹಾಕಿ. ದಬ್ ಅಂದರೆ ಅಂಗಳದಲ್ಲೇ ಇನ್ನಷ್ಟು ದಿನ ಬಿಸಿಲು ಕಾಯಲಿ.